ಪಾಡ್‌ಕಾಸ್ಟ್: ಫುಕೆಟ್ ‘ಗೇ-ಫ್ರೆಂಡ್ಲಿ’ ಅಂತಾರಲ್ಲ, ಹಾಗಂದ್ರೆ ನಿಜಕ್ಕೂ ಏನು?

ಇಯರ್‌ಫೋನ್ ಹಾಕ್ಕೊಂಡೇ ಕೇಳ್ತಿದ್ದೀರಿ ಅಂದ್ಕೋತೀನಿ. ಯಾಕಂದ್ರೆ ಇವತ್ತಿನ ವಿಷಯವನ್ನು ಮನೆಯ ಹಾಲ್‌ನಲ್ಲಿ ಸ್ಪೀಕರ್ ಹಾಕಿ ಕೇಳೋಕೆ ನಮ್ಮಲ್ಲಿ ಎಷ್ಟೋ ಜನಕ್ಕೆ ಇನ್ನೂ ಆಗಲ್ಲ.

ಥಾಯ್ಲೆಂಡ್‌ನ ಫುಕೆಟ್ ದ್ವೀಪ. ಬೆಂಗಳೂರಿನಿಂದ ನೇರ ವಿಮಾನದಲ್ಲಿ ಹೆಚ್ಚುಕಮ್ಮಿ ನಾಲ್ಕು ಗಂಟೆ. ಗೇ, ಲೆಸ್ಬಿಯನ್, ಟ್ರಾನ್ಸ್ ಪ್ರವಾಸಿಗರಿಗೆ ಆರಾಮಾದ ಜಾಗ ಅಂತ ಇನ್‌ಸ್ಟಾಗ್ರಾಂ ರೀಲ್ಸ್‌ನಲ್ಲಿ, ಟ್ರಾವೆಲ್ ಪಟ್ಟಿಗಳಲ್ಲಿ ಇದರ ಹೆಸರು ಬರ್ತಾನೇ ಇರುತ್ತೆ. ‘ಗೇ-ಫ್ರೆಂಡ್ಲಿ’ ಅನ್ನೋ ಈ ಒಂದು ಪದದೊಳಗೆ ಮೂರು ಬೇರೆ ಬೇರೆ ವಿಷಯ ಇವೆ: ವ್ಯಾಪಾರದ ಸ್ವಾಗತ, ಕಾನೂನಿನ ರಕ್ಷಣೆ, ಜನರ ದಿನನಿತ್ಯದ ಬದುಕು. ಮೂರೂ ಒಂದೇ ಅಲ್ಲ. ಇದು ಗೊತ್ತಿದ್ದು ಹೋದ್ರೆ ಟ್ರಿಪ್ ಚೆನ್ನಾಗಿರುತ್ತೆ, ವಾಪಸ್ ಬಂದ ಮೇಲೂ ತೊಂದರೆ ಆಗಲ್ಲ.

ಮೊದಲು ಜಾಗದ ಪರಿಚಯ. ಫುಕೆಟ್ ಥಾಯ್ಲೆಂಡ್‌ನ ಅತಿ ದೊಡ್ಡ ದ್ವೀಪ. ಅಂಡಮಾನ್ ಸಮುದ್ರದಲ್ಲಿದೆ. ಹಿಂದೆ ತವರದ ಗಣಿಗಾರಿಕೆಯಿಂದ ಹಣ ಮಾಡಿದ ಊರು, ಈಗ ಪ್ರವಾಸಿಗರಿಂದ ಬದುಕೋ ಊರು. ಪಶ್ಚಿಮ ಕರಾವಳಿಯಲ್ಲಿ ಪಟಾಂಗ್ ಅನ್ನೋ ಬೀಚ್ ಇದೆ. ರಾತ್ರಿ ಬದುಕಿನ ಗದ್ದಲ ಎಲ್ಲ ಅಲ್ಲೇ. ಅಲ್ಲಿನ ಬಾಂಗ್ಲಾ ರೋಡ್‌ನಲ್ಲಿ ಸಂಜೆಯಾದ್ರೆ ವಾಹನ ನಿಲ್ಲಿಸ್ತಾರೆ, ರಸ್ತೆ ತುಂಬಾ ನಿಯಾನ್ ಬೆಳಕು, ಜನ, ಜೋರು ಸಂಗೀತ. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲೇ ‘ಪ್ಯಾರಡೈಸ್ ಕಾಂಪ್ಲೆಕ್ಸ್’ ಅಂತ ಕರೆಯೋ ಕೆಲವು ಗಲ್ಲಿಗಳಿವೆ. ದ್ವೀಪದ ಗೇ ಬಾರ್‌ಗಳು, ಡ್ರ್ಯಾಗ್ ಶೋಗಳು, ಗೇ ಪ್ರವಾಸಿಗರಿಗೆ ಅಂತಲೇ ಇರೋ ವಸತಿಗಳು ಬಹುಪಾಲು ಇಲ್ಲಿ. ಕೋವಿಡ್ ಕಾಲದಲ್ಲಿ ಪ್ರವಾಸಿಗರು ಬರೋದು ನಿಂತಾಗ ಪಟಾಂಗ್‌ನಲ್ಲಿ ಎಷ್ಟೋ ಅಂಗಡಿ, ಬಾರ್‌ಗಳ ಬಾಗಿಲು ಮುಚ್ಚಿತ್ತು. ಹಾಗಾಗಿ ಹಳೆಯ ಬ್ಲಾಗ್ ನೋಡಿಕೊಂಡು ಬಾರ್ ಹುಡುಕಬೇಡಿ. ಇತ್ತೀಚಿನ ರಿವ್ಯೂ ಇದೆಯಾ ಅಂತ ಮ್ಯಾಪ್‌ನಲ್ಲಿ ನೋಡಿ ಹೊರಡಿ.

ನಮ್ಮ ಊರಲ್ಲಿ ಇಬ್ಬರು ಹುಡುಗರು ಹೆಗಲ ಮೇಲೆ ಕೈ ಹಾಕ್ಕೊಂಡು ಹೋದ್ರೆ, ಒಂದೇ ರೂಮ್‌ನಲ್ಲಿ ಇದ್ರೆ ಸಾಮಾನ್ಯವಾಗಿ ಯಾರೂ ಕೇಳಲ್ಲ. ದೋಸ್ತಿ ಅಂದ್ಕೋತಾರೆ. ಅದೂ ಒಂದು ಥರ ಸ್ವಾತಂತ್ರ್ಯವೇ, ಆದ್ರೆ ಅದು ಯಾರಿಗೂ ಗೊತ್ತಾಗದೇ ಇರೋವರೆಗೆ ಮಾತ್ರ. ಪಟಾಂಗ್‌ನಲ್ಲಿ ಹೋಟೆಲ್ ರಿಸೆಪ್ಷನ್‌ನಲ್ಲಿ ನಿಂತವರಿಗೆ ನೀವಿಬ್ಬರು ಜೋಡಿ ಅಂತ ಗೊತ್ತಾಗುತ್ತೆ. ಗೊತ್ತಾಗಿಯೂ ಕೀ ಕೊಟ್ಟು, ತಿಂಡಿ ಎಷ್ಟು ಗಂಟೆಗೆ ಅಂತ ಹೇಳಿ ಕಳಿಸ್ತಾರೆ. ಈ ಸಣ್ಣ ಅನುಭವಕ್ಕಾಗಿಯೇ ಎಷ್ಟೋ ಜನ ಸಾಲ ಮಾಡಿ ಟಿಕೆಟ್ ತಗೋತಾರೆ.

ಈ ಸ್ವಾಗತ ಎಲ್ಲಿಂದ ಬಂತು? ಥಾಯ್ಲೆಂಡ್‌ನಲ್ಲಿ ಸಲಿಂಗ ಸಂಬಂಧ ಅಪರಾಧ ಅನ್ನೋ ಕಾನೂನು 1956ರಲ್ಲೇ ಹೋಯ್ತು. ನಮ್ಮಲ್ಲಿ ಸುಪ್ರೀಂ ಕೋರ್ಟ್ 377ನೇ ಸೆಕ್ಷನ್ ಬಗ್ಗೆ ತೀರ್ಪು ಕೊಟ್ಟಿದ್ದು 2018ರ ಸೆಪ್ಟೆಂಬರ್ 6ರಂದು. ಅಲ್ಲಿಗೂ ಇಲ್ಲಿಗೂ ಅರವತ್ತು ವರ್ಷಕ್ಕೂ ಹೆಚ್ಚು ಅಂತರ. 2013ರಲ್ಲಿ ಥಾಯ್ಲೆಂಡ್‌ನ ಪ್ರವಾಸೋದ್ಯಮ ಪ್ರಾಧಿಕಾರವೇ ‘ಗೋ ಥಾಯ್, ಬಿ ಫ್ರೀ’ ಅಂತ ಪ್ರಚಾರ ಶುರು ಮಾಡಿ, ಸಲಿಂಗಿ ಪ್ರವಾಸಿಗರನ್ನು ಬನ್ನಿ ಅಂತ ಕರೆಯಿತು.

ಈಗ ಇನ್ನೊಂದು ದಿನಾಂಕ ಕೇಳಿ. ಆ ದೇಶದ ಸಲಿಂಗಿ ಜೋಡಿಗಳಿಗೆ ಮದುವೆಯ ಹಕ್ಕು ಸಿಕ್ಕಿದ್ದು 2025ರ ಜನವರಿ 23ಕ್ಕೆ. ಹೊರಗಿನವರಿಗೆ ‘ಇಲ್ಲಿ ಬಂದು ಸ್ವತಂತ್ರವಾಗಿರಿ’ ಅಂತ ಹೇಳಿ ಹನ್ನೆರಡು ವರ್ಷದ ಹತ್ತಿರ ಆದ ಮೇಲೆ! ಅಷ್ಟು ಕಾಲ ಪಟಾಂಗ್‌ನ ಬಾರ್‌ನಲ್ಲಿ ನಿಮಗೆ ಡ್ರಿಂಕ್ಸ್ ತಂದುಕೊಟ್ಟ ಹುಡುಗನ ಸಂಗಾತಿ ಆಸ್ಪತ್ರೆ ಸೇರಿದ್ರೆ, ಚಿಕಿತ್ಸೆಗೆ ಸಹಿ ಹಾಕೋ ಹಕ್ಕು ಅವನಿಗೆ ಇರಲಿಲ್ಲ. ಜೋಡಿಯಾಗಿ ಮಗು ದತ್ತು ತಗೊಳ್ಳೋ ಹಾಗಿರಲಿಲ್ಲ. ಸಂಗಾತಿ ತೀರಿಕೊಂಡ್ರೆ ಕಾನೂನಿನ ಪ್ರಕಾರ ವಾರಸುದಾರ ಆಗ್ತಿರಲಿಲ್ಲ. ಹೊಸ ಕಾನೂನು ‘ಗಂಡ’, ‘ಹೆಂಡತಿ’ ಅನ್ನೋ ಪದಗಳ ಬದಲು ‘ಸಂಗಾತಿ’ ಅನ್ನೋ ಅರ್ಥದ ಪದ ತಂದು ಇದನ್ನೆಲ್ಲ ಸರಿ ಮಾಡಿತು. ಮೊದಲ ದಿನವೇ ದೇಶದಲ್ಲಿ 1,800ಕ್ಕೂ ಹೆಚ್ಚು ಜೋಡಿಗಳು ಮದುವೆ ನೋಂದಾಯಿಸಿಕೊಂಡ್ರು. ಆಗ್ನೇಯ ಏಷ್ಯಾದಲ್ಲಿ ಇದೇ ಮೊದಲು.

‘ಹಾಗಾದ್ರೆ ನಾವೂ ಅಲ್ಲೇ ಹೋಗಿ ಮದುವೆ ಆಗಬಹುದಲ್ಲ?’ ಅಂತ ಕೇಳೋರಿದ್ದಾರೆ. ವಿದೇಶಿಯರಿಗೆ ಅವಕಾಶ ಇದೆ, ಆದ್ರೆ ಮದುವೆಯಾಗಿಲ್ಲ ಅನ್ನೋದಕ್ಕೆ ರಾಯಭಾರ ಕಚೇರಿ ಮೂಲಕ ದಾಖಲೆ ಬೇಕಾಗುತ್ತೆ. ಅದಕ್ಕಿಂತ ಮುಖ್ಯವಾದ ಮಾತು ಏನಂದ್ರೆ, ಆ ಸರ್ಟಿಫಿಕೇಟ್ ಹಿಡ್ಕೊಂಡು ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಇಳಿದ್ರೆ ಇಲ್ಲಿ ಅದಕ್ಕೆ ಮಾನ್ಯತೆ ಇಲ್ಲ. 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ನಮ್ಮ ಸುಪ್ರೀಂ ಕೋರ್ಟ್ ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡಲಿಲ್ಲ, ಅದು ಸಂಸತ್ತಿನ ಕೆಲಸ ಅಂತ ಹೇಳಿತು.

ಇನ್ನು ಕ್ಯಾಬರೆ ಶೋ ಬಗ್ಗೆ. ಪಟಾಂಗ್‌ನ ಸೈಮನ್ ಕ್ಯಾಬರೆ 1991ರಿಂದ ನಡೀತಿದೆ. ನಮ್ಮಲ್ಲಿಂದ ಹೋಗೋ ಪ್ಯಾಕೇಜ್ ಟೂರ್‌ಗಳ ಪಟ್ಟಿಯಲ್ಲೂ ಇಂಥ ಶೋ ಇರುತ್ತೆ. ಅಪ್ಪ, ಅಮ್ಮ, ಮಕ್ಕಳು ಎಲ್ಲ ಕೂತು ನೋಡ್ತಾರೆ. ಗರಿಗಳ ಉಡುಪು, ದೊಡ್ಡ ವೇದಿಕೆ, ಒಂದಾದ ಮೇಲೊಂದು ಹಾಡು. ಕಲಾವಿದರಲ್ಲಿ ಬಹಳ ಜನ ಟ್ರಾನ್ಸ್ ಮಹಿಳೆಯರು. ಥಾಯ್ ಭಾಷೆಯಲ್ಲಿ ‘ಕತೋಯಿ’ ಅನ್ನೋ ಪದ ಇದೆ, ಅದನ್ನು ಎಲ್ಲರೂ ಇಷ್ಟಪಡಲ್ಲ, ಹಾಗಾಗಿ ನಾವಾಗಿ ಕರೆಯೋದು ಬೇಡ. ‘ಲೇಡಿಬಾಯ್’ ಅಂತ ಕೂಗಿ ನಗೋದಂತೂ ಬೇಡವೇ ಬೇಡ.

ವೇದಿಕೆ ಮೇಲೆ ಅಷ್ಟು ಚಪ್ಪಾಳೆ ಪಡೆಯೋ ಈ ಮಹಿಳೆಯರ ಗುರುತಿನ ಚೀಟಿಯಲ್ಲಿ ಇರೋದು ಮಾತ್ರ ‘ನಾಯ್’, ಅಂದ್ರೆ ‘ಶ್ರೀ’. ಅದನ್ನು ಬದಲಾಯಿಸಿಕೊಳ್ಳೋಕೆ ಅವರಿಗೆ ಕಾನೂನು ಬಂದಿಲ್ಲ. ಮದುವೆ ಕಾನೂನು ಬಂದ ಮೇಲೂ ಈ ಬೇಡಿಕೆ ಹಾಗೇ ಉಳಿದಿದೆ. ನಮ್ಮ ದೇಶದಲ್ಲಿ ಮಂಗಳಮುಖಿಯರ ಕಷ್ಟ ಕಡಿಮೆಯೇನಲ್ಲ, ಆದ್ರೆ ತೃತೀಯ ಲಿಂಗ ಅನ್ನೋದನ್ನು ಸುಪ್ರೀಂ ಕೋರ್ಟ್ 2014ರಲ್ಲೇ ಗುರುತಿಸಿತ್ತು. ಶೋ ಮುಗಿದ ಮೇಲೆ ಕಲಾವಿದರು ಹೊರಗೆ ಬಂದು ಫೋಟೊಗೆ ನಿಲ್ತಾರೆ. ಫೋಟೊ ತೆಗೆಸಿಕೊಂಡ್ರೆ ಟಿಪ್ಸ್ ಕೊಡಬೇಕು, ಅದು ಅವರ ದುಡಿಮೆ. ಕೊಡೋ ಮನಸ್ಸಿಲ್ಲ ಅಂದ್ರೆ ನಗುಮುಖದಿಂದ ಮುಂದೆ ಹೋಗಿ, ಕದ್ದು ಕ್ಲಿಕ್ ಮಾಡಬೇಡಿ.

‘ಫುಕೆಟ್ ಆಯ್ತು, ಮುಂದೆ ಪಕ್ಕದ ದ್ವೀಪ’ ಅನ್ನೋ ಪ್ಲ್ಯಾನ್ ಇದ್ರೆ ಇಲ್ಲಿ ಸ್ವಲ್ಪ ನಿಲ್ಲಿ. ಸಮುದ್ರ ಒಂದೇ ಥರ ಕಂಡ್ರೂ ಕಾನೂನು ಒಂದೇ ಅಲ್ಲ. ಅದೇ ಕರಾವಳಿಯಲ್ಲಿ ದಕ್ಷಿಣಕ್ಕೆ ಇಳಿದ್ರೆ ಮಲೇಷ್ಯಾದ ಲಂಕಾವಿ. ನಮ್ಮಲ್ಲಿದ್ದ 377 ಥರದ್ದೇ ಬ್ರಿಟಿಷರ ಕಾಲದ ಕಾನೂನು ಅಲ್ಲಿ ಇನ್ನೂ ಜೀವಂತ, ಶಿಕ್ಷೆ 20 ವರ್ಷದವರೆಗೂ ಹೋಗಬಹುದು. ಸಿಂಗಪುರ ತನ್ನ 377ಎ ಸೆಕ್ಷನ್ ರದ್ದು ಮಾಡಲು 2022ರ ನವೆಂಬರ್‌ನಲ್ಲಿ ಮಸೂದೆ ಪಾಸು ಮಾಡಿತು. ಬಾಲಿಯ ಸೆಮಿನ್ಯಾಕ್‌ನಲ್ಲಿ ಗೇ ಬಾರ್‌ಗಳ ಬೀದಿಯೇ ಇದೆ, ಆದ್ರೆ 2022ರಲ್ಲಿ ಪಾಸಾದ ಇಂಡೊನೇಷ್ಯಾದ ಹೊಸ ದಂಡಸಂಹಿತೆ ಮದುವೆಯಾಚೆಗಿನ ಲೈಂಗಿಕ ಸಂಬಂಧವನ್ನೇ ಅಪರಾಧ ಅನ್ನುತ್ತೆ. ದೂರು ಕೊಡೋ ಹಕ್ಕು ಗಂಡ, ಹೆಂಡತಿ, ತಂದೆ-ತಾಯಿ, ಮಕ್ಕಳಿಗೆ ಮಾತ್ರ, ಹಾಗಾಗಿ ಪ್ರವಾಸಿಗರ ಮೇಲೆ ಕೇಸ್ ಬೀಳೋದು ಕಷ್ಟ. ಅಲ್ಲಿನ ಸ್ಥಳೀಯ ಸಲಿಂಗಿಗಳಿಗೆ ಮಾತ್ರ ಮದುವೆಯಾಗೋ ದಾರಿಯೂ ಇಲ್ಲ, ಮನೆಯವರೇ ದೂರು ಕೊಟ್ರೆ ತಪ್ಪಿಸಿಕೊಳ್ಳೋ ದಾರಿಯೂ ಕಷ್ಟ.

ಸರಿ, ಈಗ ಹೊರಡೋರಿಗೆ ಕೆಲಸಕ್ಕೆ ಬರೋ ಮಾಹಿತಿ.

2025ರ ಮೇ 1ರಿಂದ ‘ಥಾಯ್ಲೆಂಡ್ ಡಿಜಿಟಲ್ ಅರೈವಲ್ ಕಾರ್ಡ್’ ಕಡ್ಡಾಯ. ಅಲ್ಲಿ ಇಳಿಯೋ ಹಿಂದಿನ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ತುಂಬಬೇಕು. ಇದು ಉಚಿತ. ದುಡ್ಡು ಕೇಳೋ ವೆಬ್‌ಸೈಟ್ ಸಿಕ್ಕಿದ್ರೆ ಅದು ಸರ್ಕಾರದ್ದಲ್ಲ. ವೀಸಾ ನಿಯಮ ಆಗಾಗ ಬದಲಾಗುತ್ತೆ, ಟಿಕೆಟ್ ಬುಕ್ ಮಾಡೋ ಮುಂಚೆ ರಾಯಭಾರ ಕಚೇರಿಯ ಪುಟ ನೋಡಿ.

ನವೆಂಬರ್‌ನಿಂದ ಏಪ್ರಿಲ್‌ವರೆಗೆ ಹವಾಮಾನ ಚೆನ್ನಾಗಿರುತ್ತೆ, ರೇಟೂ ಜಾಸ್ತಿ. ಮೇನಿಂದ ಅಕ್ಟೋಬರ್‌ವರೆಗೆ ಮಳೆಗಾಲ, ನಮ್ಮ ಕರಾವಳಿ ಥರಾನೇ. ಬೀಚ್‌ನಲ್ಲಿ ಕೆಂಪು ಬಾವುಟ ಕಂಡ್ರೆ ನೀರಿಗೆ ಇಳಿಯಲೇಬೇಡಿ.

ಬಾರ್‌ಗೆ ಹೋಗೋಕೆ 20 ವರ್ಷ ತುಂಬಿರಬೇಕು. ನೀವು ಕೂತಲ್ಲಿ ಒಂದು ಪುಟ್ಟ ಕಪ್‌ನಲ್ಲಿ ಬಿಲ್ ಚೀಟಿ ಇಡ್ತಾರೆ, ಪ್ರತಿ ಸಲ ತೆಗೆದು ನೋಡಿ. ಪಕ್ಕ ಬಂದು ಕೂತು ಮಾತಾಡೋ ಸಿಬ್ಬಂದಿ ‘ಒಂದು ಡ್ರಿಂಕ್?’ ಅಂತ ಕೇಳಿದ್ರೆ, ಅದರ ದುಡ್ಡು ನಿಮ್ಮ ಲೆಕ್ಕಕ್ಕೆ. ರೇಟ್ ಮೊದಲೇ ಕೇಳೋದ್ರಲ್ಲಿ ನಾಚಿಕೆ ಏನಿಲ್ಲ. ದೇಹ ವ್ಯಾಪಾರ ಬೀದಿಯಲ್ಲಿ ಕಣ್ಣಿಗೆ ಕಂಡ್ರೂ ಅಲ್ಲಿನ ಕಾನೂನಿನಲ್ಲಿ ಅದಕ್ಕೆ ಅನುಮತಿ ಇಲ್ಲ. ವೇಪ್ ಅಂತೂ ಬ್ಯಾಗ್‌ನಲ್ಲಿ ಇಟ್ಕೊಂಡು ಹೋಗಲೇಬೇಡಿ, ಥಾಯ್ಲೆಂಡ್‌ನಲ್ಲಿ ಇ-ಸಿಗರೇಟ್ ನಿಷೇಧ.

ಆರೋಗ್ಯದ ವಿಷಯ. ಕಾಂಡೋಮ್ ಜೊತೆಗಿರಲಿ. ಎಚ್‌ಐವಿ ಬರದಂತೆ ಮೊದಲೇ ತಗೊಳ್ಳೋ ಪ್ರೆಪ್ ಮಾತ್ರೆ ಬಗ್ಗೆ ಹೊರಡೋ ಮುಂಚೆಯೇ ವೈದ್ಯರ ಹತ್ರ ಮಾತಾಡಿ. ಅಚಾತುರ್ಯ ಆದ್ರೆ ‘ಪೆಪ್’ ಅನ್ನೋ ಚಿಕಿತ್ಸೆ ಇದೆ, ಅದನ್ನು 72 ಗಂಟೆಯೊಳಗೆ ಶುರು ಮಾಡಲೇಬೇಕು. ಮನೆಗೆ ಬಂದ ಮೇಲೆ ನೋಡೋಣ ಅನ್ನಬೇಡಿ, ಅಲ್ಲೇ ಆಸ್ಪತ್ರೆಗೆ ಹೋಗಿ. ಕಳ್ಳತನ, ಬೆದರಿಕೆ, ಮೋಸ ಏನೇ ಆದ್ರೂ ಟೂರಿಸ್ಟ್ ಪೊಲೀಸ್ ನಂಬರ್ 1155.

ಕೊನೆಗೆ, ನಿಮ್ಮ ಕೈಯಲ್ಲಿರೋ ಫೋನ್. ನನ್ನ ಪ್ರಕಾರ ಇವತ್ತಿನ ಎಪಿಸೋಡ್‌ನಲ್ಲಿ ಇದೇ ಮುಖ್ಯ.

ಹೀಗೊಂದು ಸಂದರ್ಭ ಅಂದ್ಕೊಳ್ಳಿ. ನಾಲ್ಕು ಜನ ಗೆಳೆಯರು ಪಟಾಂಗ್‌ಗೆ ಹೋಗಿದ್ದೀರಿ. ಡ್ರ್ಯಾಗ್ ಶೋ ಎದುರು ಒಂದು ವಿಡಿಯೊ. ಹಿಂದೆ ನಿಮ್ಮ ದಾವಣಗೆರೆಯ ಗೆಳೆಯ ಇನ್ನೊಬ್ಬ ಹುಡುಗನ ಕೈ ಹಿಡ್ಕೊಂಡು ನಿಂತಿದ್ದಾನೆ. ನೀವು ಲೊಕೇಶನ್ ಹಾಕಿ ಸ್ಟೋರಿ ಬಿಡ್ತೀರಿ. ನಿಮಗೆ ಅದು ಹದಿನೈದು ಸೆಕೆಂಡಿನ ಖುಷಿ. ಅದನ್ನು ಯಾರೋ ಸ್ಕ್ರೀನ್‌ಶಾಟ್ ತೆಗೆದು ಅವನ ಚಿಕ್ಕಪ್ಪನಿಗೆ ಕಳಿಸ್ತಾರೆ. ಅವನು ಊರಿಗೆ ಬರೋ ಹೊತ್ತಿಗೆ ಮನೆಯಲ್ಲಿ ಪಂಚಾಯ್ತಿ ಕೂತಿರುತ್ತೆ. ಹುಡುಗಿ ನೋಡೋಕೆ ಹೊರಟಿರಬಹುದು, ಓದು ಬಿಡಿಸಿರಬಹುದು, ಕೈ ಮಾಡಿರಬಹುದು. ತಾನು ಯಾರು ಅನ್ನೋದನ್ನು ಯಾವಾಗ, ಯಾರಿಗೆ ಹೇಳಬೇಕು ಅನ್ನೋದು ಅವನ ಹಕ್ಕು. ಆ ಹಕ್ಕನ್ನು ನೀವು ಗೊತ್ತಿಲ್ಲದೇ ಕಿತ್ತುಕೊಂಡಂಗಾಯ್ತು.

ಅದಕ್ಕೇ ಹೊರಡೋ ಮುಂಚೆ ಗುಂಪಿನಲ್ಲಿ ಒಂದು ಮಾತು ಆಡಿಕೊಳ್ಳಿ: ಕೇಳದೇ ಯಾರ ಮುಖವೂ ಪೋಸ್ಟ್ ಆಗಬಾರದು. ಮನೆಯವರ ಜೊತೆ ಶೇರ್ ಆಗಿರೋ ಫೋಟೊ ಆಲ್ಬಂ ಇದ್ರೆ ಆಟೋಮ್ಯಾಟಿಕ್ ಬ್ಯಾಕಪ್ ನಿಲ್ಲಿಸಿ. ಡೇಟಿಂಗ್ ಆ್ಯಪ್‌ನಲ್ಲಿ ನೀವು ಎಷ್ಟು ದೂರದಲ್ಲಿದ್ದೀರಿ ಅಂತ ತೋರಿಸೋ ಸೆಟ್ಟಿಂಗ್ ಆಫ್ ಮಾಡಿ. ಆ್ಯಪ್‌ನಲ್ಲಿ ಪರಿಚಯ ಆದವರನ್ನು ಮೊದಲ ಸಲ ಜನ ಇರೋ ಜಾಗದಲ್ಲೇ ಭೇಟಿ ಮಾಡಿ, ಎಲ್ಲಿಗೆ ಹೋಗ್ತಿದ್ದೀನಿ ಅಂತ ಒಬ್ಬ ಗೆಳೆಯನಿಗಾದ್ರೂ ಹೇಳಿ. ಫೋಟೊ ತೋರಿಸಿ ದುಡ್ಡು ಕೇಳಿದ್ರೆ ಕೊಡಬೇಡಿ. ಒಮ್ಮೆ ಕೊಟ್ರೆ ಮತ್ತೆ ಕೇಳ್ತಾರೆ. ಚಾಟ್ ಉಳಿಸಿಕೊಂಡು ಪೊಲೀಸರಿಗೆ ದೂರು ಕೊಡಿ. ಇದು ಬಾರ್‌ನಲ್ಲಿರೋ ಅಪರಿಚಿತರಿಗೂ ಅನ್ವಯ. ನಿಮ್ಮ ರೀಲ್ಸ್‌ನಲ್ಲಿ ಹಿಂದೆ ಕಾಣೋ ಆ ವ್ಯಕ್ತಿಯ ಊರಲ್ಲಿ ಏನು ಪರಿಸ್ಥಿತಿಯೋ ನಮಗೆ ಗೊತ್ತಿರಲ್ಲ.

ಫುಕೆಟ್‌ನಲ್ಲಿ ನಾಲ್ಕು ದಿನ ಯಾರಿಗೂ ಹೆದರದೇ ನಡೆದಾಡಬಹುದು, ಅದು ನಿಜ. ಹೋಗಿ ಬನ್ನಿ, ಖುಷಿಯಾಗಿರಿ. ಅಲ್ಲಿ ನಿಮಗೆ ಸಿಗೋ ಸ್ವಾಗತಕ್ಕಾಗಿ ಆ ಊರಿನವರು ಬಹಳ ವರ್ಷ ದುಡಿದಿದ್ದಾರೆ, ಅವರನ್ನು ಗೌರವದಿಂದ ಕಾಣಿ. ಜೊತೆಗೆ ಬಂದ ಗೆಳೆಯ ಹೋದ ಹಾಗೇ ನೆಮ್ಮದಿಯಾಗಿ ಮನೆಗೆ ವಾಪಸ್ ಬರೋ ಹಾಗೆ ನೋಡ್ಕೊಳ್ಳಿ.

ಈ ಸಂಚಿಕೆ ಇಷ್ಟೇ. ಟ್ರಿಪ್ ಪ್ಲ್ಯಾನ್ ಮಾಡ್ತಿರೋ ಸ್ನೇಹಿತರಿದ್ರೆ ಅವರಿಗೆ ಕಳಿಸಿ. ಗ್ರೂಪ್‌ಗೆ ಬೇಡ, ಅವರೊಬ್ಬರಿಗೇ ಕಳಿಸಿ. ಮತ್ತೆ ಸಿಗೋಣ, ನಮಸ್ಕಾರ.