ಕೂಲಂಟ್ ಹೊಸದು, ಹೀಟರ್ ಮಾತ್ರ ತಣ್ಣಗೆ

ಕೂಲಂಟ್ ಬದಲಿಸಿದ ಮೇಲೆ ಕಾರಿನ ಹೀಟರ್‌ನಿಂದ ತಣ್ಣನೆ ಗಾಳಿ ಬರತೊಡಗಿದರೆ ಮೊದಲು ಅನುಮಾನಿಸಬೇಕಾದದ್ದು ಕೊಳವೆಗಳಲ್ಲಿ ಸಿಕ್ಕಿಕೊಂಡ ಗಾಳಿಯನ್ನು. ಮೆಕ್ಯಾನಿಕ್‌ಗಳ ಮಾತಿನಲ್ಲಿ ಇದು ‘ಏರ್ ಲಾಕ್’.

ಪೆಟ್ರೋಲ್, ಡೀಸೆಲ್ ಕಾರುಗಳ ಹೀಟರ್ ಸಾಮಾನ್ಯವಾಗಿ ತಾನಾಗಿ ಶಾಖ ಹುಟ್ಟಿಸುವುದಿಲ್ಲ. ಎಂಜಿನ್ನಿನಲ್ಲಿ ಕಾದ ಕೂಲಂಟಿನ ಒಂದು ಪಾಲು ಡ್ಯಾಶ್‌ಬೋರ್ಡಿನ ಹಿಂದಿರುವ ಹೀಟರ್ ಕೋರ್ ಎಂಬ ಪುಟ್ಟ ರೇಡಿಯೇಟರಿನಲ್ಲಿ ಹರಿಯುತ್ತದೆ, ಬ್ಲೋವರ್ ಅದರ ಮೂಲಕ ಗಾಳಿ ತಳ್ಳುತ್ತದೆ. ಅನೇಕ ಕಾರುಗಳಲ್ಲಿ ಈ ಕೋರ್ ತುಸು ಎತ್ತರದಲ್ಲಿರುವುದರಿಂದ, ಹೊಸ ಕೂಲಂಟ್ ಸುರಿಯುವಾಗ ಒಳಗೆ ಉಳಿದ ಗಾಳಿ ಅಲ್ಲಿಯೇ ಸೇರಿಕೊಂಡು ಹರಿವಿಗೆ ಅಡ್ಡ ಬರುತ್ತದೆ.

ಡ್ಯಾಶ್‌ಬೋರ್ಡಿನ ಹಿಂದೆ ಗುಳುಗುಳು ಸದ್ದು, ಆಕ್ಸಿಲರೇಟರ್ ತುಳಿದಾಗ ಬಿಸಿಯಾಗಿ ಸಿಗ್ನಲ್‌ನಲ್ಲಿ ನಿಂತೊಡನೆ ತಣ್ಣಗಾಗುವ ಗಾಳಿ, ಟೆಂಪರೇಚರ್ ಮುಳ್ಳಿನ ಏರಿಳಿತ ಇವು ಏರ್ ಲಾಕ್‌ನ ಗುರುತುಗಳು. ಮುಳ್ಳಿನ ಏರಿಳಿತವನ್ನಂತೂ ಕಡೆಗಣಿಸುವಂತೆಯೇ ಇಲ್ಲ, ಅದು ಎಂಜಿನ್ನಿನ ಅಳಿವು ಉಳಿವಿನ ಪ್ರಶ್ನೆ. ನಮ್ಮ ಬಯಲುಸೀಮೆಯಲ್ಲಿ ಹೀಟರ್ ಗುಂಡಿಯನ್ನು ವರ್ಷಗಟ್ಟಲೆ ಯಾರೂ ಮುಟ್ಟುವುದಿಲ್ಲ. ಹಾಗಾಗಿ ದೋಷ ಬೆಳಕಿಗೆ ಬರುವುದು ಘಾಟಿ ಏರುವಾಗ ಎಂಜಿನ್ ಕಾದಮೇಲೆ, ಇಲ್ಲವೇ ಮಡಿಕೇರಿಯ ಮಳೆಯಲ್ಲಿ ಗಾಜಿಗೆ ಕಟ್ಟಿದ ಹಬೆ ಹೋಗದಿದ್ದಾಗ. ಕೂಲಂಟ್ ಬದಲಿಸಿದ ದಿನ, ಬೇಸಿಗೆಯಾದರೂ ಸರಿ, ಗ್ಯಾರೇಜಿನಲ್ಲೇ ಹೀಟರ್ ಹಾಕಿ ನೋಡುವುದು ಲೇಸು.

ಗಾಳಿ ಹೊರಹಾಕುವ ಕೆಲಸ ಎಂಜಿನ್ ಪೂರ್ತಿ ಆರಿದಾಗಲೇ ಶುರುವಾಗಬೇಕು. ಬಿಸಿ ಎಂಜಿನ್ನಿನ ಕೂಲಂಟ್ ಮುಚ್ಚಳ ತೆರೆದರೆ ಒತ್ತಡದಲ್ಲಿರುವ ದ್ರವ ಚಿಮ್ಮಿ ಮೈ ಸುಡುತ್ತದೆ. ಕಾರಿನ ಮುಂಭಾಗ ಮೇಲಾಗುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಡಬೇಕು. ಮುಚ್ಚಳ ತೆಗೆದು, ಹೀಟರನ್ನು ಗರಿಷ್ಠ ಬಿಸಿಗೆ ತಿರುಗಿಸಿ, ಎಂಜಿನ್ ಚಾಲೂ ಮಾಡಿ ಸುಮ್ಮನೆ ಓಡಲು ಬಿಡಬೇಕು. ಸುಮಾರು 80ರಿಂದ 90 ಡಿಗ್ರಿ ಸೆಲ್ಸಿಯಸ್‌ನಲ್ಲಿ ಥರ್ಮೋಸ್ಟಾಟ್ ತೆರೆದುಕೊಳ್ಳುತ್ತಲೇ ಗುಳ್ಳೆಗಳು ಎದ್ದು ಮಟ್ಟ ಇಳಿಯುತ್ತದೆ. ಇಳಿದಷ್ಟನ್ನು ತುಂಬುತ್ತಾ, ಗುಳ್ಳೆ ನಿಂತ ಮೇಲೆ ಮುಚ್ಚಳ ಹಾಕಬೇಕು. ನಡುವೆ ಮುಳ್ಳು ಮಾಮೂಲಿ ಜಾಗ ದಾಟಿದರೆ ತಕ್ಷಣ ಎಂಜಿನ್ ಆಫ್ ಮಾಡಬೇಕು. ಕೆಲವು ಕಾರುಗಳಲ್ಲಿ ಗಾಳಿ ಬಿಡಲೆಂದೇ ಬ್ಲೀಡ್ ಸ್ಕ್ರೂ ಇರುತ್ತದೆ, ಇನ್ನು ಕೆಲವಕ್ಕೆ ವ್ಯಾಕ್ಯೂಮ್ ಯಂತ್ರದಿಂದಲೇ ತುಂಬಬೇಕು. ಇದರಲ್ಲಿ ಕಾರಿನ ಮ್ಯಾನ್ಯುಯಲ್ ಹೇಳಿದ್ದೇ ಕೊನೆಯ ಮಾತು.

ಇಷ್ಟಾದರೂ ಬಿಸಿ ಬರದಿದ್ದರೆ, ಹೀಟರ್‌ಗೆ ಹೋಗುವ ಮತ್ತು ಅಲ್ಲಿಂದ ಮರಳುವ ಎರಡು ಹೋಸ್‌ಗಳನ್ನು ಎಚ್ಚರಿಕೆಯಿಂದ ಮುಟ್ಟಿ ನೋಡಬೇಕು. ಎರಡೂ ಬಿಸಿ ಇದ್ದರೆ ದ್ರವ ಸರಿಯಾಗಿ ಹರಿಯುತ್ತಿದೆ, ತೊಂದರೆ ಇರುವುದು ಬಿಸಿ–ತಣ್ಣನೆ ಗಾಳಿ ಬೆರೆಸುವ ಒಳಗಿನ ಬಾಗಿಲಿನಲ್ಲಿ. ಒಂದು ಮಾತ್ರ ಬಿಸಿ ಇದ್ದರೆ ಕೋರ್ ಕಟ್ಟಿರಬಹುದು. ಹಳೆಯ ತುಕ್ಕು, ಸೋರಿಕೆ ತಡೆಯಲು ಸುರಿದ ಪುಡಿ, ಬೋರ್‌ವೆಲ್ ನೀರಿನ ಲವಣ, ಹೊಂದಿಕೆಯಾಗದ ಎರಡು ಬಗೆಯ ಕೂಲಂಟ್ ಬೆರೆತು ಆದ ಗಸಿ ಇವೆಲ್ಲ ಸೇರುವುದು ಅಲ್ಲಿನ ಸಣ್ಣ ನಾಳಗಳಲ್ಲಿ. ಎರಡೂ ಉಗುರುಬೆಚ್ಚಗಿದ್ದು ಮುಳ್ಳೂ ಕೆಳಗೇ ಉಳಿದರೆ ಥರ್ಮೋಸ್ಟಾಟ್ ತೆರೆದೇ ನಿಂತಿರುವ ಸಾಧ್ಯತೆ ಹೆಚ್ಚು.

ಎಷ್ಟು ಹೊತ್ತಾದರೂ ಗುಳ್ಳೆ ನಿಲ್ಲದೆ, ಕೂಲಂಟ್ ಕಡಿಮೆಯಾಗುತ್ತಾ, ಸೈಲೆನ್ಸರ್‌ನಿಂದ ದಟ್ಟ ಬಿಳಿ ಹೊಗೆ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಂಭವ ಹೆಚ್ಚು. ಅಂಥ ಕಾರನ್ನು ಓಡಿಸಬಾರದು, ಎಳೆಸಿಕೊಂಡೇ ಗ್ಯಾರೇಜಿಗೆ ಒಯ್ಯಬೇಕು.