ಕೊನೆಯ ಅಕ್ಷರ ಓದಿ, ಆಮೇಲೆ ರೊಕ್ಕ ಕೊಡಿ



ನಮ್ಮ ಅಕ್ಕಲಕೋಟ ತಾಲೂಕಿನ ಒಂದು ಹಳ್ಳಿಯಲ್ಲಿ ಸಂಜೆ ಹೊತ್ತು ಕಲಿಕಾ ಕೇಂದ್ರ ನಡೆಯುತ್ತದೆ. ಅಲ್ಲಿಗೆ ಬರುವ ಒಬ್ಬ ಅಕ್ಕ ಒಂದು ದಿನ ಪಾಠ ಮುಗಿದರೂ ಮನೆಗೆ ಹೋಗಲಿಲ್ಲ. ಕೈಯಲ್ಲಿ ಮಡಚಿದ ಚೀಟಿ ಇತ್ತು.

"ಸರ, ಮಗ ಆಟದ ಕಂಪ್ಯೂಟರ್ ತಾನೇ ಜೋಡಸ್ತೀನಿ ಅಂತಾನ್ರಿ. ಸಾಮಾನಿನ ಹೆಸರು ಬರದು ಕೊಟ್ಟಾನ. ಎಮ್ಮಿ ಹಾಲಿನ ರೊಕ್ಕ ಎರಡು ವರ್ಷದಿಂದ ಕೂಡಿಟ್ಟೀನಿ. ಅದು ನೀರಾಗ ಹೋಗಬಾರದ್ರಿ" ಅಂದರು.

ಇನ್ನೊಂದು ಚಿಂತೆಯೂ ಅವರಿಗಿತ್ತು. "ಇದು ರೊಕ್ಕ ಹಚ್ಚಿ ಆಡೋ ಆಟ ಅಲ್ಲ ಹೌದಲ್ರಿ?" ಅಂತ ಕೇಳಿದರು. ಅಲ್ಲ. ಹಣ ಹಚ್ಚಿ ಆಡುವ ಆನ್‌ಲೈನ್ ಆಟಗಳೇ ಬೇರೆ. ಅವುಗಳನ್ನು ನಿಷೇಧಿಸುವ ಕಾಯ್ದೆಗೆ ಸಂಸತ್ತು 2025ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಇವರ ಮಗ ಆಡಬೇಕು ಅಂದದ್ದು ವ್ಯಾಲರಂಟ್ ಅನ್ನುವ ಆಟ. ಅದನ್ನು ಪುಕ್ಕಟೆಯಾಗಿ ಇಳಿಸಿಕೊಂಡು ಆಡಬಹುದು.

ನಾವಿಬ್ಬರೂ ಕೂತು ಆ ಚೀಟಿ ಓದಿದೆವು. ಅದರಲ್ಲಿ ಮೂರು ತಪ್ಪು ಸಿಕ್ಕವು. ಅವು ಯಾವುವು? ಬನ್ನಿ, ತಿಳಿಯೋಣ.

ಪೆಟ್ಟಿಗೆಯೊಳಗೆ ಏನೇನು ಇರುತ್ತದೆ?

ಪ್ರೊಸೆಸರ್: ಲೆಕ್ಕ ಮಾಡುವ ಚಿಪ್ಪು. ಕಂಪ್ಯೂಟರಿನ ಮಿದುಳು.

ಮದರ್‌ಬೋರ್ಡ್: ಎಲ್ಲ ಭಾಗಗಳನ್ನು ಕೂಡಿಸುವ ಹಲಗೆ. ಮನೆಗೆ ಪಾಯ ಇದ್ದ ಹಾಗೆ.

ರ‍್ಯಾಮ್: ಕೆಲಸ ನಡೆಯುವ ಜಾಗ. ರೊಟ್ಟಿ ಬಡಿಯುವ ಪರಾತ ಅಂದುಕೊಳ್ಳಿ. ಪರಾತ ಸಣ್ಣದಾದರೆ ಹಿಟ್ಟು ಚೆಲ್ಲುತ್ತದೆ, ಕೆಲಸ ನಿಧಾನ ಆಗುತ್ತದೆ.

ಎಸ್‌ಎಸ್‌ಡಿ: ಎಲ್ಲವನ್ನೂ ಕೂಡಿಡುವ ಹಗೇವು. ಕರೆಂಟು ಹೋದರೂ ಇಟ್ಟದ್ದು ಉಳಿಯುತ್ತದೆ.

ಗ್ರಾಫಿಕ್ಸ್ ಕಾರ್ಡ್: ಪರದೆಯ ಮೇಲೆ ಚಿತ್ರ ಬಿಡಿಸುವ ಭಾಗ. ದೊಡ್ಡ ಆಟಗಳಿಗೆ ಬೇಕೇ ಬೇಕು. ಸಾಮಾನ್ಯವಾಗಿ ಎಲ್ಲಕ್ಕಿಂತ ದುಬಾರಿ ಇದೇ.

ಪವರ್ ಸಪ್ಲೈ: ಗೋಡೆಯ ಕರೆಂಟನ್ನು ತಕ್ಕಷ್ಟು ಮಾಡಿ ಎಲ್ಲ ಭಾಗಕ್ಕೂ ಹಂಚುವ ಪೆಟ್ಟಿಗೆ.

ಕ್ಯಾಬಿನೆಟ್: ಇವನ್ನೆಲ್ಲ ಒಳಗಿಟ್ಟುಕೊಳ್ಳುವ ಹೊರಗಿನ ಡಬ್ಬಿ.

ಮೊದಲ ತಪ್ಪು: ಕೊನೆಯ ಅಕ್ಷರ

ಚೀಟಿಯಲ್ಲಿ ಇಂಟೆಲ್ ಕಂಪನಿಯ ಪ್ರೊಸೆಸರ್ ಇತ್ತು. ಹೆಸರು ಕೋರ್ ಐ5-12400ಎಫ್. ಒಳ್ಳೆಯ ಚಿಪ್ಪೇ. ಆದರೆ ಗ್ರಾಫಿಕ್ಸ್ ಕಾರ್ಡ್ ಅಂತ ಬರೆದ ಕಡೆ "ಆಮೇಲೆ" ಅಂತ ಇತ್ತು. ರೊಕ್ಕ ಸಾಲದು, ಕಾರ್ಡು ಮುಂದಿನ ವರ್ಷ ಕೊಂಡರಾಯಿತು ಅಂತ ಹುಡುಗನ ಲೆಕ್ಕ.

ಇಲ್ಲೇ ತೊಡಕು. ಇಂಟೆಲ್ ಪ್ರೊಸೆಸರಿನ ಹೆಸರು ಎಫ್ ಅಕ್ಷರದಲ್ಲಿ ಮುಗಿದರೆ ಅದರೊಳಗೆ ಚಿತ್ರ ತೋರಿಸುವ ಶಕ್ತಿ ಇಲ್ಲ ಅಂತ ಅರ್ಥ. ಕಾರ್ಡು ಇಲ್ಲದೆ ಅದನ್ನು ಜೋಡಿಸಿದರೆ ಫ್ಯಾನು ತಿರುಗುತ್ತದೆ, ದೀಪ ಹತ್ತುತ್ತದೆ, ಪರದೆ ಮಾತ್ರ ಕಪ್ಪು. ಒಂದು ವರ್ಷ ಕಪ್ಪು ಪರದೆ ನೋಡುತ್ತ ಕೂಡಬೇಕಿತ್ತು.

ಎಎಂಡಿ ಅನ್ನುವ ಇನ್ನೊಂದು ಕಂಪನಿ ಇದೆ. ಅದರ ರೈಜನ್ 5 5600ಜಿ ಪ್ರೊಸೆಸರಿನೊಳಗೇ ಚಿತ್ರದ ಶಕ್ತಿ ಇದೆ. ಕೊನೆಯ ಜಿ ಅದನ್ನೇ ಹೇಳುತ್ತದೆ. ವ್ಯಾಲರಂಟ್‌ನಂಥ ಹಗುರ ಆಟ ಕಾರ್ಡು ಇಲ್ಲದೆಯೂ ಅದರಲ್ಲಿ ನಡೆಯುತ್ತದೆ. ರೊಕ್ಕ ಕೂಡಿದ ಮೇಲೆ ಕಾರ್ಡು ಹಾಕಬಹುದು. ಜಿ ಇಲ್ಲದ 5600 ಆದರೆ ಕಾರ್ಡು ಇಲ್ಲದೆ ಚಿತ್ರ ಬರುವುದಿಲ್ಲ.

ಹಾಗಂತ ಜಿ ಇರುವುದೇ ಯಾವಾಗಲೂ ಮೇಲು ಅಂತಲ್ಲ. ಕಾರ್ಡನ್ನು ಮೊದಲ ದಿನವೇ ಕೊಳ್ಳುವವರಿಗೆ ಜಿ ಇಲ್ಲದ 5600 ಮೇಲು. ಅದರ ಒಳಮೆಮೊರಿ 32 ಎಂಬಿ, ಜಿ ಇರುವುದರದು 16 ಎಂಬಿ. ಹೀಗಾಗಿ ಕಾರ್ಡಿನ ಜೊತೆ ಅದು ಸ್ವಲ್ಪ ಚುರುಕು. ಕಾರ್ಡು ಈಗಲೋ ಆಮೇಲೋ ಅನ್ನುವುದನ್ನು ಮೊದಲು ಗಟ್ಟಿ ಮಾಡಿ. ಆಗ ಯಾವ ಅಕ್ಷರ ಬೇಕು ಅನ್ನುವುದು ತಾನೇ ತಿಳಿಯುತ್ತದೆ.

ಇಂಗ್ಲಿಷ್ ಅಕ್ಷರ ಹೊಸದಾಗಿ ಕಲಿಯುವವರಿಗೆ ಒಂದು ಗುರುತು: ಎಫ್ ಅಂದರೆ ನೆಟ್ಟಗೆ ನಿಂತ ಕೋಲು, ಬಲಕ್ಕೆ ಎರಡು ಕೈ. ಜಿ ಅಂದರೆ ಒಡೆದ ಬಳೆ, ಒಳಗೆ ಸಣ್ಣ ನಾಲಿಗೆ.

ಎರಡನೇ ತಪ್ಪು: ಕೂಡದ ಜೋಡಿ

ಚೀಟಿಯಲ್ಲಿದ್ದ ಬೋರ್ಡು ಡಿಡಿಆರ್ 4 ರ‍್ಯಾಮಿಗೆ ಮಾಡಿದ್ದು. ರ‍್ಯಾಮ್ ಮಾತ್ರ ಡಿಡಿಆರ್ 5 ಅಂತ ಬರೆದಿತ್ತು. ಹೊಸದು ಒಳ್ಳೆಯದಿರಬೇಕು ಅಂತ ಹುಡುಗ ಹಾಕಿದ್ದ. ಆದರೆ ಇವೆರಡರ ಕೆಳಗಿನ ಕಚ್ಚು ಬೇರೆ ಬೇರೆ ಕಡೆ ಇರುತ್ತವೆ. ಒಂದರ ಜಾಗದಲ್ಲಿ ಇನ್ನೊಂದು ಕೂಡುವುದಿಲ್ಲ. ಒತ್ತಿ ಹಾಕಿದರೆ ಎರಡೂ ಕೆಡುತ್ತವೆ.

ಪ್ರೊಸೆಸರಿಗೂ ಹೀಗೇ ಗೂಡು ಇರುತ್ತದೆ. ಅದಕ್ಕೆ ಸಾಕೆಟ್ ಅಂತಾರೆ. 5600ಜಿ ಕೂಡುವುದು ಎಎಂ4 ಸಾಕೆಟ್ಟಿನಲ್ಲಿ. ಎಎಂ4 ಬೋರ್ಡಿಗೆ ಡಿಡಿಆರ್ 4 ರ‍್ಯಾಮ್ ಬೇಕು. ಎಎಂಡಿಯ ಹೊಸ ಸಾಕೆಟ್ಟು ಎಎಂ5. ಅದಕ್ಕೆ ಡಿಡಿಆರ್ 5 ಮಾತ್ರ. ಪ್ರೊಸೆಸರ್, ಬೋರ್ಡು, ರ‍್ಯಾಮ್ ಈ ಮೂರನ್ನೂ ಒಂದೇ ಸಾಲಿನಲ್ಲಿ ಬರೆದು ತಾಳೆ ನೋಡಿ. ಬೀಗಕ್ಕೆ ಬೀಗದ ಕೈ ನೋಡಿದ ಹಾಗೆ.

ರ‍್ಯಾಮ್ ಎಷ್ಟು ಬೇಕು? ಇವತ್ತಿನ ಆಟಗಳಿಗೆ 16 ಜಿಬಿ ಇದ್ದರೆ ಒಳಿತು. 16ರ ಒಂದೇ ಪಟ್ಟಿ ತರುವ ಬದಲು 8ರ ಎರಡು ಪಟ್ಟಿ ತನ್ನಿ. ಎರಡಿದ್ದರೆ ಪ್ರೊಸೆಸರ್ ಎರಡು ದಾರಿಯಿಂದ ಒಮ್ಮೆಗೇ ಮಾಹಿತಿ ಎಳೆಯುತ್ತದೆ. ಜೋಡಿ ಎತ್ತು ಬಂಡಿ ಎಳೆದ ಹಾಗೆ. 5600ಜಿ ಚಿತ್ರಕ್ಕೂ ಇದೇ ರ‍್ಯಾಮ್ ಬಳಸುತ್ತದೆ. ಆದ್ದರಿಂದ ಅದರಲ್ಲಿ ಈ ಫರಕು ಎದ್ದು ಕಾಣುತ್ತದೆ.

ಬೆಲೆಯ ಬಗ್ಗೆ ಒಂದು ಮಾತು. 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮಿನ ಬೆಲೆ ಏಕಾಏಕಿ ಏರಿತು. ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಕೇಂದ್ರಗಳಿಗೆ ಮೆಮೊರಿ ಚಿಪ್ಪು ಬಹಳ ಬೇಕಾದದ್ದೇ ಅದಕ್ಕೆ ಕಾರಣ. ಹಳೆಯ ವಿಡಿಯೋದಲ್ಲಿ ಹೇಳಿದ ಬೆಲೆ ನಂಬಿ ಪೇಟೆಗೆ ಹೋಗಬೇಡಿ. ಹೋಗುವ ದಿನವೇ ಎರಡು ಮೂರು ಅಂಗಡಿಗೆ ಫೋನು ಮಾಡಿ ಬೆಲೆ ಬರೆದುಕೊಳ್ಳಿ.

ಮೂರನೇ ತಪ್ಪು: ಬರೆಯದೇ ಬಿಟ್ಟದ್ದು

ಚೀಟಿಯಲ್ಲಿ ಮಾನಿಟರ್ ಇರಲಿಲ್ಲ. ಕೀಬೋರ್ಡು, ಮೌಸು ಇರಲಿಲ್ಲ. ವಿಂಡೋಸ್ ಪರವಾನಗಿಯ ಖರ್ಚೂ ಇರಲಿಲ್ಲ. ವಿಂಡೋಸ್ 10ಕ್ಕೆ ಕಂಪನಿಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆದ್ದರಿಂದ ವಿಂಡೋಸ್ 11 ಹಾಕಬೇಕು. ಮದುವೆಗೆ ಸೀರೆ ತಂದು ಊಟದ ಖರ್ಚು ಮರೆತ ಹಾಗಾಗಿತ್ತು.

ಪುಣ್ಯಕ್ಕೆ ಅವರ ಮನೆಯಲ್ಲಿ ಎಚ್‌ಡಿಎಂಐ ತೂತು ಇರುವ ಟಿವಿ ಇತ್ತು. ಸದ್ಯಕ್ಕೆ ಅದೇ ಪರದೆ ಆಯಿತು. ಮುಂದೆ ಮಾನಿಟರ್ ಕೊಳ್ಳುವವರು 1920 ಗುಣಿಸು 1080 ಚುಕ್ಕಿಯ 24 ಇಂಚಿನದು ನೋಡಿ. ಕಡಿಮೆ ಬಜೆಟ್ಟಿನ ಕಂಪ್ಯೂಟರಿಗೆ ಅಷ್ಟು ಸಾಕು. ಚುಕ್ಕಿ ಹೆಚ್ಚಾದಷ್ಟೂ ಕಾರ್ಡಿನ ಕೆಲಸ ಹೆಚ್ಚು, ಕಾರ್ಡಿನ ಬೆಲೆಯೂ ಹೆಚ್ಚು.

ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು?

ಬಣ್ಣದ ದೀಪ ಬಿಡಿ. ಗಾಜಿನ ಕ್ಯಾಬಿನೆಟ್ ಬಿಡಿ. ಗಾಳಿ ಆಡುವ ಸಾದಾ ಡಬ್ಬಿ ಸಾಕು. ದುಬಾರಿ ಬೋರ್ಡು ಬೇಡ. 5600ಜಿಗೆ ಎ520 ಅಥವಾ ಬಿ550 ಜಾತಿಯ ಬೋರ್ಡು ಆಗುತ್ತದೆ. ಪ್ರೊಸೆಸರಿನ ಡಬ್ಬಿಯಲ್ಲೇ ಫ್ಯಾನು ಬರುತ್ತದೆ, ಬೇರೆ ಬೇಡ.

ಆದರೆ ಪವರ್ ಸಪ್ಲೈಯಲ್ಲಿ ಉಳಿಸಬೇಡಿ. ಇದು ನನ್ನ ಅನುಭವದ ಮಾತು. ನಾನು ಮೊದಲ ಸಲ ಕಂಪ್ಯೂಟರ್ ಜೋಡಿಸಿದಾಗ ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದ ಪವರ್ ಸಪ್ಲೈ ಹಾಕಿದ್ದೆ. ಒಂದು ಸಂಜೆ ಲೋಡ್‌ಶೆಡ್ಡಿಂಗ್ ಮುಗಿದು ಕರೆಂಟು ಬಂತು. ಪಟ್ ಅಂತ ಸಪ್ಪಳ, ಸುಟ್ಟ ವಾಸನೆ. ಅದು ತಾನೂ ಹೋಯಿತು, ಬೋರ್ಡನ್ನೂ ತೆಗೆದುಕೊಂಡು ಹೋಯಿತು. ಪುಕ್ಕಟೆ ಸಿಕ್ಕದ್ದೇ ನನಗೆ ತುಟ್ಟಿ ಬಿತ್ತು.

ಎಷ್ಟು ವಾಟಿನದು ಬೇಕು? ಲೆಕ್ಕ ಮಾಡೋಣ. 5600ಜಿ ಪ್ರೊಸೆಸರಿಗೆ 65 ವಾಟ್. ಮುಂದೆ ರೇಡಿಯಾನ್ ಆರ್‌ಎಕ್ಸ್ 6600 ಕಾರ್ಡು ಹಾಕಿದರೆ ಅದಕ್ಕೆ 132 ವಾಟ್. ಎರಡೂ ಕೂಡಿದರೆ 197. ಬೋರ್ಡು, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನುಗಳಿಗೆ 50 ಹಿಡಿಯಿರಿ. ಒಟ್ಟು 247 ಆಯಿತು. ಆದರೂ ಈ ಕಾರ್ಡಿಗೆ ಕಂಪನಿ ಹೇಳುವುದು 450 ವಾಟಿನ ಸಪ್ಲೈ. ಯಾಕೆ? ಆಟ ಜೋರಾದಾಗ ಪ್ರೊಸೆಸರೂ ಕಾರ್ಡೂ ಒಂದು ಗಳಿಗೆ ಹೆಚ್ಚು ಎಳೆಯುತ್ತವೆ. ನಾಲ್ಕು ಚೀಲ ಹೊರುವ ಬಂಡಿಗೆ ನಾಲ್ಕೇ ಚೀಲ ಹೇರಿ ದಿಬ್ಬ ಹತ್ತಿಸುವುದಿಲ್ಲ ಅಲ್ಲವೇ? 450 ಅಥವಾ 550 ವಾಟಿನದು, "80 ಪ್ಲಸ್" ಗುರುತು ಇರುವುದು, ಹೆಚ್ಚು ವರ್ಷದ ವಾರಂಟಿ ಇರುವುದು ತನ್ನಿ. 80 ಪ್ಲಸ್ ಅಂದರೆ ಗೋಡೆಯಿಂದ ಎಳೆದ ಕರೆಂಟಿನಲ್ಲಿ ನೂರಕ್ಕೆ 80 ಪಾಲಾದರೂ ಕೆಲಸಕ್ಕೆ ಬರುತ್ತದೆ, ಉಳಿದದ್ದಷ್ಟೇ ಬಿಸಿಯಾಗಿ ಹೋಗುತ್ತದೆ ಅಂತ.

ನಮ್ಮ ಹಳ್ಳಿಗಳಲ್ಲಿ ಇನ್ನೊಂದು ಕೆಲಸ ಮಾಡಲೇಬೇಕು. ಮೂರು ಪಿನ್ನಿನ ಪ್ಲಗ್ಗಿಗೆ ಅರ್ಥಿಂಗ್ ಇದೆಯೋ ಇಲ್ಲವೋ ವೈರಮನ್‌ಗೆ ತೋರಿಸಿ. ಅರ್ಥಿಂಗ್ ಇಲ್ಲದಿದ್ದರೆ ಡಬ್ಬಿ ಮುಟ್ಟಿದಾಗ ಶಾಕ್ ಹೊಡೆಯಬಹುದು. ಯುಪಿಎಸ್ ಇದ್ದರೆ ಇನ್ನೂ ಒಳ್ಳೆಯದು. ಕರೆಂಟು ಹೋದ ಮೇಲೆ ಸರಿಯಾಗಿ ಬಂದ್ ಮಾಡಲು ಕೆಲವು ನಿಮಿಷ ಸಿಗುತ್ತವೆ.

ಅಂಗಡಿಯಲ್ಲಿ ನಡೆದದ್ದು

ದೊಡ್ಡ ಪೇಟೆ ಬೇಕಾದವರು ಪುಣೆಯ ತಪಕೀರ್ ಗಲ್ಲಿಗೋ ಮುಂಬಯಿಯ ಲ್ಯಾಮಿಂಗ್ಟನ್ ರೋಡಿಗೋ ಹೋಗುತ್ತಾರೆ. ಇವರು ಎಸ್‌ಟಿ ಬಸ್ಸು ಹಿಡಿದು ಸೊಲ್ಲಾಪುರಕ್ಕೆ ಹೋದರು. ಏನಾದರೂ ಕೆಟ್ಟರೆ ತಿರುಗಿ ಹೋಗಲು ಹತ್ತಿರದ ಅಂಗಡಿಯೇ ಲೇಸು.

ಅಂಗಡಿಯವರು ಡಬ್ಬಿಗಳನ್ನು ಸಾಲಾಗಿ ಇಟ್ಟರು. ಮಗ ಬಣ್ಣದ ಕೀಬೋರ್ಡು ನೋಡುತ್ತ ನಿಂತಿದ್ದ. ಅಕ್ಕ ಮಾತ್ರ ಚೀಟಿ ಹಿಡಿದು ಒಂದೊಂದೇ ಡಬ್ಬಿ ಓದಿದರು. ಪ್ರೊಸೆಸರಿನ ಡಬ್ಬಿಯ ಮೇಲೆ ಬೆರಳಿಟ್ಟು ನಿಂತರು.

"ಅಣ್ಣಾರ, ನನ್ನ ಚೀಟ್ಯಾಗ 5600, ಮುಂದ ಬಳಿ ಇದ್ದಂಗ ಒಂದು ಅಕ್ಷರ ಅದ. ಇದ್ರಾಗ 5500 ಅದ. ಬಳಿ ಅಕ್ಷರ ಇಲ್ಲಲ್ರಿ?"

"ಎರಡೂ ಒಂದೇ ಬಾಯಿ, ಇದು ಸ್ವಲ್ಪ ಸ್ವಸ್ತ" ಅಂದರು ಅಂಗಡಿಯವರು.

ಒಂದೇ ಅಲ್ಲ. 5500ರಲ್ಲಿ ಚಿತ್ರದ ಶಕ್ತಿ ಇಲ್ಲ. "ನನಗ ಬಳಿ ಅಕ್ಷರದ್ದೇ ಕೊಡ್ರಿ" ಅಂತ ಅಕ್ಕ ಪಟ್ಟು ಹಿಡಿದರು. ಅಂಗಡಿಯವರು ಗೋಡೌನಿನಿಂದ ತರಿಸಿಕೊಟ್ಟರು. ಎರಡು ವರ್ಷದ ಹಾಲಿನ ರೊಕ್ಕ ಉಳಿದದ್ದು ಆ ಒಂದು ಅಕ್ಷರದಿಂದ.

ಬಿಲ್ಲು ಬಿಡಬೇಡಿ

"ಬಿಲ್ಲು ಬ್ಯಾಡ ಅಂದ್ರ ಸ್ವಲ್ಪ ಕಡಿಮಿ ಮಾಡ್ತೀನಿ" ಅಂತ ಕೆಲವರು ಹೇಳಬಹುದು. ಒಪ್ಪಬೇಡಿ. ಬಿಲ್ಲು ಇಲ್ಲದಿದ್ದರೆ ವಾರಂಟಿ ಕೇಳುವುದು ಕಷ್ಟ. ಬಿಲ್ಲಿನಲ್ಲಿ ಈ ನಾಲ್ಕು ಇವೆಯೇ ನೋಡಿ: ತಾರೀಖು, ಅಂಗಡಿಯ ಜಿಎಸ್‌ಟಿ ನಂಬರು, ಪ್ರತಿ ಭಾಗದ ಪೂರ್ಣ ಹೆಸರು, ಅದರ ಸೀರಿಯಲ್ ನಂಬರು. ಡಬ್ಬಿಯ ಮೇಲಿನ ಸೀರಿಯಲ್ ನಂಬರಿಗೆ ತಾಳೆ ಹಾಕಿ. ಖಾಲಿ ಡಬ್ಬಿಗಳನ್ನೂ ಎತ್ತಿಡಿ.

ಮೋಸ ಆದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಿ. ಕನ್ನಡದಲ್ಲೇ ಹೇಳಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಸಾಮಾನು ಬೇರೆ ಊರಲ್ಲಿ ಕೊಂಡಿದ್ದರೂ ಸರಿ.

ಜೋಡಿಸುವಾಗ

ಒಣ ಜಾಗದಲ್ಲಿ, ಮರದ ಮೇಜಿನ ಮೇಲೆ ಜೋಡಿಸಿ. ಪ್ಲಗ್ಗು ತೆಗೆದಿರಲಿ. ಮೊದಲು ಕ್ಯಾಬಿನೆಟ್ಟಿನ ಕಬ್ಬಿಣ ಮುಟ್ಟಿ, ಮೈಯ ಸ್ಥಿರ ವಿದ್ಯುತ್ ಇಳಿಯುತ್ತದೆ. ಪ್ರೊಸೆಸರಿನ ಮೂಲೆಯ ಸಣ್ಣ ತ್ರಿಕೋನ, ಸಾಕೆಟ್ಟಿನ ತ್ರಿಕೋನ ಒಂದೇ ಕಡೆ ಬರಬೇಕು. ಆಗ ಅದು ತಾನೇ ಇಳಿಯುತ್ತದೆ. ಒತ್ತಬಾರದು, ಕೆಳಗಿನ ಸೂಜಿ ಬಾಗುತ್ತವೆ. ಮುಂದೆ ಕಾರ್ಡು ಹಾಕಿದ ಮೇಲೆ ಪರದೆಯ ವೈರನ್ನು ಬೋರ್ಡಿಗಲ್ಲ, ಕಾರ್ಡಿಗೆ ಚುಚ್ಚಿ.

ಆ ಮನೆಯಲ್ಲಿ ಮೊದಲ ಸಲ ಬಟನ್ ಒತ್ತಿದಾಗ ಟಿವಿಯಲ್ಲಿ ಏನೂ ಬರಲಿಲ್ಲ. ತಾಯಿ ಮಗ ಇಬ್ಬರೂ ಬೆವತರು. ನನಗೆ ಫೋನು ಬಂತು. "ಪ್ಲಗ್ಗು ತೆಗೆದು ರ‍್ಯಾಮ್ ಇನ್ನೊಮ್ಮೆ ಕೂಡಿಸಿ, ಟಕ್ ಅಂತ ಸಪ್ಪಳ ಬರಬೇಕು" ಅಂದೆ. ಒಂದು ಪಟ್ಟಿ ಪೂರ್ತಿ ಕೂತಿರಲಿಲ್ಲ. ಟಕ್ ಅಂತು. ಪರದೆ ಬೆಳಗಿತು.

ಈಗ ಹುಡುಗ ಸಂಜೆ ಆಟ ಆಡುತ್ತಾನೆ. ಹಗಲು ಕಾಲೇಜಿನ ಕೆಲಸ ಮಾಡುತ್ತಾನೆ. ತಾಯಿ ಹಾಲಿನ ಲೆಕ್ಕ ಅದರಲ್ಲೇ ಕನ್ನಡದಲ್ಲಿ ಬರೆಯುವುದು ಕಲಿಯುತ್ತಿದ್ದಾರೆ. ಗ್ರಾಫಿಕ್ಸ್ ಕಾರ್ಡಿಗೆ ಮತ್ತೆ ರೊಕ್ಕ ಕೂಡಿಡುವುದು ನಡೆದಿದೆ.

ನೆನಪಿಡಿ

1. ಯಾವ ಆಟ, ಯಾವ ಪರದೆ ಅಂತ ಮೊದಲು ಕೇಳಿ. ಆಮೇಲೆ ಸಾಮಾನು.
2. ಹೆಸರಿನ ಕೊನೆಯ ಅಕ್ಷರದವರೆಗೂ ಓದಿ.
3. ಪ್ರೊಸೆಸರ್, ಬೋರ್ಡು, ರ‍್ಯಾಮ್ ಜೋಡಿ ಕೂಡುತ್ತದೆಯೇ ನೋಡಿ.
4. ಪವರ್ ಸಪ್ಲೈಯಲ್ಲಿ ಜಿಪುಣತನ ಬೇಡ.
5. ಬಿಲ್ಲು ಇಲ್ಲದೆ ರೊಕ್ಕ ಕೊಡಬೇಡಿ.

ಉತ್ತರ ಹೇಳಿ

1. ಎಫ್ ಅಕ್ಷರದ ಇಂಟೆಲ್ ಪ್ರೊಸೆಸರಿಗೆ ಬೇರೆ ಯಾವ ಭಾಗ ಬೇಕೇ ಬೇಕು?
2. ಪ್ರೊಸೆಸರಿಗೆ 65 ವಾಟ್, ಕಾರ್ಡಿಗೆ 170 ವಾಟ್, ಉಳಿದದ್ದಕ್ಕೆ 50 ವಾಟ್. ಒಟ್ಟು ಎಷ್ಟು?
3. ನಿಮ್ಮ ಮನೆಯಲ್ಲಿರುವ ಯಾವುದಾದರೂ ಸಾಮಾನಿನ ಬಿಲ್ಲು ತನ್ನಿ. ಅದರಲ್ಲಿ ತಾರೀಖು, ಜಿಎಸ್‌ಟಿ ನಂಬರು, ಪೂರ್ಣ ಹೆಸರು, ಸೀರಿಯಲ್ ನಂಬರು ಎಲ್ಲಿವೆ ಅಂತ ಕೇಂದ್ರದಲ್ಲಿ ಎಲ್ಲರಿಗೂ ಓದಿ ತೋರಿಸಿ.