ಹ್ಯಾಲ್ ಹೋದ ಮೇಲೆ ಹಲಗೆಯ ಮೇಲೆ ಏನು ಬರೆಯಬೇಕು?

ಗಣಕ ವಿಷಯದ ಅಭ್ಯಾಸ ಬೋಧನೆಯಲ್ಲಿ ‘ಕಂಪ್ಯೂಟರ್ ತನ್ನ ಯಂತ್ರಾಂಶವನ್ನು ಗುರುತಿಸುವ ಬಗೆ’ ಎಂಬ ಪಾಠ ಆಗಾಗ ಯಾರಾದರೊಬ್ಬ ಪ್ರಶಿಕ್ಷಣಾರ್ಥಿಯ ಪಾಲಿಗೆ ಬರುತ್ತದೆ. ಲಿನಕ್ಸ್ ಇರುವ ಪ್ರಯೋಗಾಲಯಗಳಲ್ಲಿ ಇಂಥ ಪಾಠಗಳನ್ನು ವೀಕ್ಷಿಸುವಾಗ ಹಲಗೆಯ ಮೇಲೆ ಒಂದೇ ಚಿತ್ರವನ್ನು ಮತ್ತೆ ಮತ್ತೆ ಕಂಡಿದ್ದೇನೆ: ಕೆಳಗೆ ಯಂತ್ರಾಂಶ, ಮೇಲೆ ಬಳಕೆದಾರ, ನಡುವೆ ದೊಡ್ಡ ಚೌಕದಲ್ಲಿ ‘ಹ್ಯಾಲ್’. ಚಿತ್ರ ಹಳೆಯ ಕೈಪಿಡಿಗಳದು. ಅದೇ ಕೈಪಿಡಿ ನೋಡಿ ಮಕ್ಕಳು ಟರ್ಮಿನಲ್‌ನಲ್ಲಿ ‘ಎಲ್‌ಎಸ್‌ಹ್ಯಾಲ್’ ಎಂದು ಟೈಪ್ ಮಾಡಿದರೆ, ಅಂಥ ಆದೇಶವೇ ಇಲ್ಲ ಎಂದು ಯಂತ್ರ ಹೇಳುತ್ತದೆ. “ಹಾಗಾದರೆ ನನ್ನ ಪೆನ್‌ಡ್ರೈವ್ ಹೇಗೆ ಕಾಣಿಸಿತು, ಸರ್?” ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೆ ಉತ್ತರಿಸಲು ಬೇಕಾದ ಹಿನ್ನೆಲೆಯನ್ನು ಇಲ್ಲಿ ಕೊಡುತ್ತಿದ್ದೇನೆ.

ಮೊದಲು ಒಂದು ಎಚ್ಚರಿಕೆ. ವಿಂಡೋಸ್‌ನಲ್ಲಿಯೂ ಹ್ಯಾಲ್ ಎಂಬ ಪದರವಿದೆ. ಅದು ಕರ್ನೆಲ್‌ಗೆ ಅಂಟಿಕೊಂಡದ್ದು, ಬೇರೆಯೇ ವಸ್ತು. ಪ್ರಶ್ನೆಪತ್ರಿಕೆ ತಯಾರಿಸುವಾಗ ಇವೆರಡನ್ನೂ ಬೆರೆಸಬಾರದು.

ಲಿನಕ್ಸ್ ಡೆಸ್ಕ್‌ಟಾಪ್‌ನಲ್ಲಿ ಒಂದು ಕಾಲಕ್ಕೆ ಹೊಸ ಸಾಧನ ಜೋಡಿಸಿದರೆ ಬಳಕೆದಾರನೇ ಆದೇಶ ಕೊಟ್ಟು ಅದನ್ನು ‘ಮೌಂಟ್’ ಮಾಡಬೇಕಿತ್ತು. ಯಂತ್ರಾಂಶ ತಾನಾಗಿಯೇ ಕೆಲಸ ಮಾಡುವಂತಾಗಬೇಕು ಎಂದು 2003ರಲ್ಲಿ ಹ್ಯಾವೊಕ್ ಪೆನಿಂಗ್ಟನ್ ಒಂದು ಬರಹದಲ್ಲಿ ವಾದಿಸಿದರು. ಆ ವಿಚಾರವನ್ನು ಹಿಡಿದು ಡೇವಿಡ್ ಝೂಥೆನ್ ಹ್ಯಾಲ್ ಕಟ್ಟಿದರು. ಸಾಧನಗಳ ವಿವರವನ್ನೆಲ್ಲ ಒಂದೆಡೆ ಕಲೆಹಾಕಿ, ಡಿ-ಬಸ್ ಎಂಬ ಸಂದೇಶ ವ್ಯವಸ್ಥೆಯ ಮೂಲಕ ಗ್ನೋಮ್, ಕೆಡಿಇ ಮುಂತಾದ ಡೆಸ್ಕ್‌ಟಾಪ್‌ಗಳಿಗೆ ತಿಳಿಸುವುದು ಅದರ ಕೆಲಸ. ಪೆನ್‌ಡ್ರೈವ್ ಚುಚ್ಚಿದೊಡನೆ ಪರದೆಯ ಮೇಲೆ ಚಿಹ್ನೆ ಮೂಡುವ ಅನುಕೂಲವನ್ನು ಅನೇಕ ಲಿನಕ್ಸ್ ಬಳಕೆದಾರರು ಮೊದಲು ಕಂಡದ್ದು ಹ್ಯಾಲ್ ಮೂಲಕವೇ. ಅದನ್ನು ಕಳಪೆ ತಂತ್ರಾಂಶವೆಂದು ಕಲಿಸುವುದು ನನಗೆ ಒಪ್ಪಿಗೆಯಿಲ್ಲ.

ಮತ್ತೆ ಏಕೆ ತೆಗೆದರು? ತರಗತಿಗೆ ನಾನು ಸೂಚಿಸುವ ಉದಾಹರಣೆ ಶಾಲೆಯ ಕಚೇರಿಯದು. ಮಗುವಿನ ವಿವರ ದಾಖಲಾತಿ ವಹಿಯಲ್ಲಿದೆ. ಅದನ್ನೇ ನೋಡಿ ಇನ್ನೊಬ್ಬರು ಪ್ರತ್ಯೇಕವಾಗಿ ಮತ್ತೊಂದು ವಹಿ ಬರೆದಿಟ್ಟು, ಎಲ್ಲ ಶಿಕ್ಷಕರೂ ತಮ್ಮನ್ನೇ ಕೇಳಬೇಕು ಎಂದರೆ ಏನಾಗುತ್ತದೆ? ಒಂದು ಮಗು ಟಿ.ಸಿ. ಪಡೆದು ಹೋದರೆ ಎರಡೂ ಕಡೆ ತಿದ್ದಬೇಕು. ಒಂದು ಕಡೆ ಬಿಟ್ಟುಹೋದರೆ ಗೊಂದಲ. ಇಲ್ಲಿ ದಾಖಲಾತಿ ವಹಿ ಎಂದರೆ ಕರ್ನೆಲ್. 2.6ನೇ ಆವೃತ್ತಿಯಿಂದ ಅದು ತನಗೆ ಗೊತ್ತಿರುವ ಸಾಧನಗಳ ವಿವರವನ್ನು ‘ಸಿಸ್‌ಎಫ್‌ಎಸ್’ ಎಂಬಲ್ಲಿ ತಾನೇ ತೆರೆದಿಡುತ್ತದೆ. ಗ್ರೆಗ್ ಕ್ರೋ-ಹಾರ್ಟ್‌ಮನ್ 2003ರಲ್ಲಿ ಆರಂಭಿಸಿದ ‘ಯುಡೆವ್’, ಕರ್ನೆಲ್ ಕಳಿಸುವ ಸುದ್ದಿಯನ್ನು ಹಿಡಿದು, ನಿಯಮಗಳ ಪ್ರಕಾರ ಸಾಧನಕ್ಕೆ ಹೆಸರು ಕೊಡುತ್ತದೆ. ವರ್ಷಗಳು ಕಳೆದಂತೆ ಯುಡೆವ್ ಬಲಗೊಂಡಿತು. ಹ್ಯಾಲ್ ಅದೇ ಮಾಹಿತಿಯ ಎರಡನೇ ಪ್ರತಿಯಾಗಿ ಉಳಿಯಿತು. ಡಿಸ್ಕ್, ಬ್ಯಾಟರಿ, ಕೀಲಿಮಣೆ ಎಲ್ಲವೂ ಒಂದೇ ತಂತ್ರಾಂಶದೊಳಗೆ ಸೇರಿದ್ದರಿಂದ ಅದನ್ನು ತಿದ್ದುವುದೂ ಕಷ್ಟವಾಯಿತು.

ಗಮನಿಸಬೇಕಾದ ಸಂಗತಿ, 2008ರಲ್ಲಿ ಇದನ್ನು ಕಳಚೋಣ ಎಂದವರು ಕಟ್ಟಿದ ಝೂಥೆನ್ ಅವರೇ. ‘ಡಿವೈಸ್‌ಕಿಟ್’ ಎಂಬ ಹೆಸರಿನಲ್ಲಿ ಕೆಲಸ ಶುರುವಾಯಿತು. ಅದರ ನಡುಭಾಗವೂ ಬೇಡವೆನಿಸಿ, ಆ ಹೊಣೆ ಯುಡೆವ್‌ಗೇ ಹೋಯಿತು. ಡಿಸ್ಕ್‌ಗಳಿಗೆ ‘ಯುಡಿಸ್ಕ್ಸ್’, ವಿದ್ಯುತ್ತು-ಬ್ಯಾಟರಿಗೆ ‘ಯುಪವರ್’ ಉಳಿದವು. 2010ರ ಏಪ್ರಿಲ್‌ನಲ್ಲಿ ಬಂದ ಉಬುಂಟು 10.04, ಹ್ಯಾಲ್ ಅನ್ನು ಬೂಟ್ ಹಂತದಿಂದ ತೆಗೆದಿತ್ತು. ಯಂತ್ರ ಬೇಗ ಏಳಲಿ ಎಂಬುದು ಉದ್ದೇಶ. ಅದೇ ವರ್ಷದ ಎಕ್ಸ್ ಸರ್ವರ್ 1.8 ಲಿನಕ್ಸ್‌ನಲ್ಲಿ ಕೀಲಿಮಣೆ, ಮೌಸ್‌ಗಳಿಗಾಗಿ ಯುಡೆವ್ ಕಡೆ ತಿರುಗಿತು. ಕೆಡಿಇಯಲ್ಲಿ ಈ ಬದಲಾವಣೆ ಹೆಚ್ಚು ಸದ್ದಿಲ್ಲದೆ ಆಯಿತು. ಅಲ್ಲಿನ ಆನ್ವಯಿಕ ತಂತ್ರಾಂಶಗಳು ‘ಸಾಲಿಡ್’ ಎಂಬ ನಡುವಿನ ಪದರವನ್ನು ಕೇಳುತ್ತಿದ್ದವು. ಆದ್ದರಿಂದ ಸಾಲಿಡ್‌ನ ಒಳಗಡೆ ಬದಲಿಸಿದರೆ ಸಾಕಾಯಿತು. ಹ್ಯಾಲ್ ಅನ್ನು ನೇರವಾಗಿ ನೆಚ್ಚಿಕೊಂಡವರಿಗೆ ಮಾತ್ರ ತೊಂದರೆ: ಫ್ಲ್ಯಾಶ್ ಪ್ಲೇಯರ್‌ನಲ್ಲಿ ನಕಲು ರಕ್ಷಣೆಯಿರುವ ವೀಡಿಯೊ ನೋಡಲು, ಎಲ್ಲರೂ ಬಿಟ್ಟ ಹ್ಯಾಲ್ ಅನ್ನು ಜನ ಮತ್ತೆ ಸ್ಥಾಪಿಸಿಕೊಳ್ಳಬೇಕಾಯಿತು. ಯುಡೆವ್ ಲಿನಕ್ಸ್‌ಗೆ ಮಾತ್ರ ಸೇರಿದ್ದರಿಂದ ಫ್ರೀಬಿಎಸ್‌ಡಿಯಲ್ಲಿ ಹ್ಯಾಲ್ ಇನ್ನಷ್ಟು ಕಾಲ ಬದುಕಿತು.

ಇಷ್ಟನ್ನೂ ಎಂಟು-ಒಂಬತ್ತನೇ ತರಗತಿಗೆ ಹೇಳಬೇಕಿಲ್ಲ. ಹೆಸರುಗಳ ಪಟ್ಟಿ ಬರೆಸುವ ಬದಲು ಒಂದು ಪ್ರಾತ್ಯಕ್ಷಿಕೆ ಮಾಡಿ. ಟರ್ಮಿನಲ್‌ನಲ್ಲಿ ‘ಯುಡೆವ್‌ಎಡಿಎಂ’ ಆದೇಶವನ್ನು ‘ಮಾನಿಟರ್’ ಪದದೊಂದಿಗೆ ಕೊಟ್ಟು ಕಾಯಿರಿ. ಈಗ ಒಬ್ಬ ವಿದ್ಯಾರ್ಥಿನಿ ಪೆನ್‌ಡ್ರೈವ್ ಜೋಡಿಸಲಿ. ಸಾಲುಗಳು ಸರಸರನೆ ಇಳಿಯುತ್ತವೆ. ಕೆಲವು ‘ಕರ್ನೆಲ್’ ಎಂದು, ಕೆಲವು ‘ಯುಡೆವ್’ ಎಂದು ಆರಂಭವಾಗುತ್ತವೆ. ಒಂದೇ ಸಾಧನಕ್ಕೆ ಕರ್ನೆಲ್‌ನ ಸಾಲು ಮೊದಲು, ನಿಯಮ ಅನ್ವಯಿಸಿದ ಮೇಲೆ ಯುಡೆವ್‌ನ ಸಾಲು. ಮೊದಲು ಯುಎಸ್‌ಬಿ ಸಾಧನ, ಆಮೇಲೆ ಡಿಸ್ಕ್, ಆಮೇಲೆ ಅದರ ವಿಭಾಗ ಎಂಬ ಕ್ರಮವನ್ನೂ ಮಕ್ಕಳೇ ಬೆರಳಿಟ್ಟು ತೋರಿಸಬಲ್ಲರು. ಹಲಗೆಯ ಚಿತ್ರವನ್ನು ಆ ಸಾಲುಗಳಿಂದಲೇ ಬೆಳೆಸಿ: ಕರ್ನೆಲ್, ಯುಡೆವ್, ಯುಡಿಸ್ಕ್ಸ್, ಕೊನೆಗೆ ಡೆಸ್ಕ್‌ಟಾಪ್.

ಪಾಠ ಯೋಜನೆಯ ಮೌಲ್ಯಮಾಪನ ಭಾಗದಲ್ಲಿ “ಹ್ಯಾಲ್‌ನ ವಿಸ್ತೃತ ರೂಪವೇನು?” ಎಂದು ಬರೆದಿದ್ದರೆ ನಾನು ಹೊಡೆದುಹಾಕಿಸುತ್ತೇನೆ. ಅದರ ಬದಲಿಗೆ ಹೀಗೆ ಕೇಳಬಹುದು: ಪರದೆಯಲ್ಲಿ ಕರ್ನೆಲ್, ಯುಡೆವ್ ಎರಡರ ಸಾಲೂ ಬಂದಿವೆ, ಆದರೆ ಪೆನ್‌ಡ್ರೈವ್‌ನ ಚಿಹ್ನೆ ಮೂಡಿಲ್ಲ, ತೊಡಕು ಸರಪಳಿಯ ಯಾವ ಕೊಂಡಿಯ ನಂತರ ಇರಬಹುದು? ಒಂದು ಸಾಲೂ ಬಾರದಿದ್ದರೆ ಮೊದಲು ಏನನ್ನು ಪರೀಕ್ಷಿಸುವಿರಿ?